ಸಿಮ್ ಹೇಳುವುದೆಷ್ಟು: ವಿಕೋಪಾನಂತರದ ಮೊಬೈಲ್ ಶೋಧದ ವಿಮರ್ಶೆ

ಭೂಕಂಪ, ಭೂಕುಸಿತಗಳ ತರುವಾಯ ಜನರನ್ನು ಹುಡುಕಲು ಅವರ ಜೇಬಿನ ಮೊಬೈಲೇ ಸುಳಿವು ಕೊಡಬಲ್ಲದೆಂಬ ನಂಬಿಕೆ ಈಚಿನ ಒಂದೂವರೆ ದಶಕದಲ್ಲಿ ಬೇರೂರಿದೆ. ಅದಕ್ಕೆ ಶಾಸ್ತ್ರೀಯ ಬಲ ತಂದುಕೊಟ್ಟ ಅಧ್ಯಯನಗಳಲ್ಲಿ ಹೈಟಿಯದು ಮುಖ್ಯವಾದುದು. 2010ರ ಜನವರಿ 12ರಂದು ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ಸಮೀಪ 7.0 ತೀವ್ರತೆಯ ಭೂಕಂಪವಾಗಿ ಜನ ದಿಕ್ಕಾಪಾಲಾದಾಗ, ಯಾವ ಊರಿಗೆ ಎಷ್ಟು ಮಂದಿ ಹೋಗಿ ಸೇರಿದ್ದಾರೆಂಬುದು ಪರಿಹಾರ ಕಾರ್ಯದವರಿಗೆ ಸರಿಯಾಗಿ ತಿಳಿಯದಾಗಿತ್ತು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಲೈನಸ್ ಬೆಂಗ್ಟ್‌ಸನ್ ಮತ್ತು ಸಂಗಡಿಗರು ಡಿಜಿಸೆಲ್ ಕಂಪನಿಯ 19 ಲಕ್ಷ ಸಿಮ್‌ಗಳ ದಾಖಲೆಯನ್ನು, ಅಂದರೆ ಪ್ರತಿ ಕರೆಯೂ ಯಾವ ಟವರಿನ ಮೂಲಕ ಹೋಯಿತೆಂಬ ವಿವರವನ್ನು, ಹೆಸರು ತಿಳಿಯದ ರೂಪದಲ್ಲಿ ಪಡೆದು, ಭೂಕಂಪವಾದ 19 ದಿನಗಳಲ್ಲಿ ಸುಮಾರು 6.3 ಲಕ್ಷ ಜನ ರಾಜಧಾನಿಯನ್ನು ತೊರೆದಿದ್ದರೆಂದು ಅಂದಾಜಿಸಿದರು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯು ಆಮೇಲೆ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಗೆ ಈ ಅಂದಾಜಿನ ಹಂಚಿಕೆ ಚೆನ್ನಾಗಿ ತಾಳೆಯಾಯಿತು.

ಈ ಸಾಧನೆ ಸಣ್ಣದಲ್ಲವಾದರೂ ಅದನ್ನು ಹೊಗಳುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಭೂಕಂಪದ ವಲಸೆಯ ಲೆಕ್ಕ ಸಿದ್ಧವಾದದ್ದು ತುರ್ತಿನ ಘಳಿಗೆ ಕಳೆದ ಮೇಲೆ. ಅದೇ ವರ್ಷ ಅಕ್ಟೋಬರಿನಲ್ಲಿ ಕಾಲರಾ ಹಬ್ಬಿದಾಗ ಮಾತ್ರ ದತ್ತಾಂಶ ಕೈಸೇರಿದ 12 ಗಂಟೆಗಳೊಳಗೆ ವಿಶ್ಲೇಷಣೆ ಹೊರಬಂದಿತು. ಇನ್ನೊಂದು, ಸಿಮ್ ಎಂದರೆ ಮನುಷ್ಯನಲ್ಲ. ಮೊಬೈಲಿಲ್ಲದ ಮಕ್ಕಳೂ ಮುದುಕರೂ ಕಡುಬಡವರೂ ಮೊಬೈಲುಳ್ಳವರು ಹೋದಲ್ಲಿಗೇ ಹೋಗಿರುತ್ತಾರೆಂಬ ಊಹೆಯ ಮೇಲೆ ಇಡೀ ಲೆಕ್ಕ ನಿಂತಿದೆ.

ಸಮೂಹದ ಚಲನೆಯಿಂದ ಒಬ್ಬ ವ್ಯಕ್ತಿಯ ನೆಲೆಗೆ ಬಂದರಂತೂ ವಿಧಾನದ ಮಿತಿ ಎದ್ದು ಕಾಣುತ್ತದೆ. ಫೋನು ಸಂಪರ್ಕಿಸಿದ ಟವರಿನ ವ್ಯಾಪ್ತಿ ಹಳ್ಳಿಗಾಡಿನಲ್ಲಿ ಹಲವು ಕಿಲೋಮೀಟರುಗಳಷ್ಟಿರುತ್ತದೆ. ಜಿಪಿಎಸ್ ನಿಖರವಾದರೂ ಅದು ಉಪಗ್ರಹದ ಸಂಕೇತವನ್ನು ಗ್ರಹಿಸುವ ಸಾಧನವಷ್ಟೇ, ತಾನಿರುವ ಜಾಗವನ್ನು ಹೊರಗೆ ತಿಳಿಸಲು ಮತ್ತೆ ಮೊಬೈಲ್ ಜಾಲವೇ ಬೇಕು, ಒದ್ದೆ ಮಣ್ಣೂ ನೀರೂ ಆ ಎರಡೂ ಅಲೆಗಳನ್ನು ಹೀರಿಬಿಡುತ್ತವೆ. ಹೀಗೆ ಆಪತ್ತಿನ ಬಳಿಕ ಕೈಗೆ ಸಿಗುವುದು ಹಲವು ಸಲ ಈಗಿನ ನೆಲೆಯಲ್ಲ, ಕಡೆಯ ಬಾರಿ ದಾಖಲಾದ ನೆಲೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಇದು ಕಣ್ಣಿಗೆ ಕಟ್ಟಿತು: ಕಾಣೆಯಾದ ಲಾರಿಯ ಜಿಪಿಎಸ್ ಕುಸಿತದ ಜಾಗವನ್ನೇ ತೋರಿಸಿದ್ದರಿಂದ ಲಾರಿ ಹೆದ್ದಾರಿಯ ಮಣ್ಣಿನಡಿಯಲ್ಲಿರಬೇಕೆಂಬ ಆಸೆ ಬಲವಾಯಿತು, ಆದರೆ ಅದು ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಪಕ್ಕದ ಗಂಗಾವಳಿ ನದಿಯಲ್ಲಿ. ಉಪಕರಣ ಸುಳ್ಳು ಹೇಳಿರಲಿಲ್ಲ. ಮಣ್ಣಿನ ರಾಶಿ ಅದನ್ನು ತಳ್ಳಿಕೊಂಡು ಹೋದದ್ದು ಮಾತ್ರ ಅದರ ದಾಖಲೆಗೆ ಸೇರಿರಲಿಲ್ಲ.

ಎಂದ ಮೇಲೆ ಈ ತಂತ್ರವನ್ನು ಅನ್ನ, ನೀರು, ಔಷಧಿಗಳನ್ನು ಎಲ್ಲಿಗೆ ಕಳಿಸಬೇಕೆಂದು ನಿರ್ಧರಿಸಲು ಧಾರಾಳವಾಗಿ ಬಳಸಬಹುದು, ಎಲ್ಲಿ ಅಗೆಯಬೇಕೆಂಬುದಕ್ಕೆ ಇದೊಂದನ್ನೇ ನೆಚ್ಚಲಾಗದು. ಶೋಧ ನಡೆಸುವ ಅಧಿಕಾರಿಗಳು ‘ಲೊಕೇಶನ್ ಸಿಕ್ಕಿದೆ’ ಎಂದು ಕುಟುಂಬದವರಿಗೆ ಹೇಳುವಾಗ, ಅದು ಎಷ್ಟು ಹೊತ್ತಿಗೆ ದಾಖಲಾದದ್ದು, ಎಷ್ಟು ದೂರದವರೆಗೆ ತಪ್ಪಿರಬಹುದು ಎಂಬುದನ್ನೂ ಜೊತೆಗೇ ಹೇಳಬೇಕು.