ಸಂಪ್ರದಾಯದ ‘ಜನ’ ಯಾರು? ಪ್ಲೆಸಿ ತೀರ್ಪಿನ ಒಂದು ಜಾನಪದೀಯ ಪರಾಮರ್ಶೆ

ಜಾನಪದ ಅಧ್ಯಯನದಲ್ಲಿ ‘ಜನ’, ‘ರೂಢಿ’, ‘ಸಂಪ್ರದಾಯ’ ಎಂಬ ಪರಿಕಲ್ಪನೆಗಳನ್ನು ಬಹುಮಟ್ಟಿಗೆ ಗೌರವದ ಅರ್ಥದಲ್ಲಿಯೇ ಬಳಸುತ್ತ ಬರಲಾಗಿದೆ. ಇದೇ ಪರಿಕಲ್ಪನೆಗಳು ಅಸಮಾನತೆಯ ಸಮರ್ಥನೆಗೆ ಒದಗಿದ ನ್ಯಾಯತೀರ್ಪೊಂದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದು ಪ್ಲೆಸಿ ವಿರುದ್ಧ ಫರ್ಗ್ಯುಸನ್ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1896ರಲ್ಲಿ ನೀಡಿದ ತೀರ್ಪು.

ಗುಲಾಮಗಿರಿಯ ನಿಷೇಧದ ನಂತರ, 1868ರಲ್ಲಿ ಜಾರಿಗೆ ಬಂದ ಹದಿನಾಲ್ಕನೆಯ ಸಂವಿಧಾನ ತಿದ್ದುಪಡಿಯು ಯಾವ ರಾಜ್ಯವೂ ಯಾವ ವ್ಯಕ್ತಿಗೂ ಕಾನೂನುಗಳ ಸಮಾನ ಸಂರಕ್ಷಣೆಯನ್ನು ನಿರಾಕರಿಸಕೂಡದೆಂದು ವಿಧಿಸಿತ್ತು. ಆದರೂ ಲೂಸಿಯಾನ ರಾಜ್ಯವು 1890ರ ಕಾಯಿದೆಯಿಂದ ರೈಲುಗಳಲ್ಲಿ ಬಿಳಿಯರಿಗೂ ಕಪ್ಪುಜನರಿಗೂ ಸಮಾನವಾದ, ಆದರೆ ಪ್ರತ್ಯೇಕವಾದ ಸ್ಥಳಗಳನ್ನು ಕಡ್ಡಾಯಗೊಳಿಸಿತು. ಇದನ್ನು ಪ್ರಶ್ನಿಸಲೆಂದೇ ಹೋಮರ್ ಪ್ಲೆಸಿ 1892ರಲ್ಲಿ ಬಿಳಿಯರ ಬೋಗಿಯಲ್ಲಿ ಕುಳಿತು ಬಂಧನಕ್ಕೊಳಗಾದರು. ಏಳು ನ್ಯಾಯಮೂರ್ತಿಗಳು ಕಾಯಿದೆಯನ್ನು ಎತ್ತಿಹಿಡಿದರು. ಜಾನ್ ಮಾರ್ಷಲ್ ಹಾರ್ಲನ್ ಒಬ್ಬರೇ ಭಿನ್ನಮತ ದಾಖಲಿಸಿದರು.

ಬಹುಮತದ ತೀರ್ಪಿನ ಎರಡು ವಾದಗಳು ಇಲ್ಲಿ ಮುಖ್ಯ. ಕಾಯಿದೆಯು ಯುಕ್ತವೇ ಎಂಬುದನ್ನು ಜನರ ರೂಢಿ, ಆಚಾರ, ಸಂಪ್ರದಾಯಗಳ ಬೆಳಕಿನಲ್ಲಿ ನಿರ್ಣಯಿಸಬಹುದೆಂಬುದು ಮೊದಲನೆಯದು. ಪ್ರತ್ಯೇಕತೆಯಲ್ಲಿ ಕೀಳುತನ ಕಾಣುವುದಾದರೆ ಅದು ಕಪ್ಪುಜನರೇ ಆರೋಪಿಸಿಕೊಂಡ ಅರ್ಥವೆಂಬುದು ಎರಡನೆಯದು. ಈ ವಾದಗಳು ಪರಸ್ಪರ ವಿರುದ್ಧವಾಗಿವೆ. ಬಿಳಿಯರ ರೂಢಿಯನ್ನು ‘ಜನರ ಸಂಪ್ರದಾಯ’ವೆಂದು ಗೌರವಿಸಿದ ನ್ಯಾಯಾಲಯವೇ, ಅದೇ ರೂಢಿಯನ್ನು ಉಂಡ ಸಮುದಾಯದ ತಿಳಿವಳಿಕೆಯನ್ನು ಕೇವಲ ಭಾವನೆಯೆಂದು ತಳ್ಳಿಹಾಕಿತು. ಆಚರಣೆಯ ಅರ್ಥವು ಅದರ ಸಂದರ್ಭದಲ್ಲಿದೆಯೇ ಹೊರತು ಒಬ್ಬರ ಮನಸ್ಸಿನಲ್ಲಲ್ಲ ಎಂಬುದು ಜಾನಪದದ ಪ್ರಾಥಮಿಕ ಪಾಠ.

ಆ ಸಂದರ್ಭಕ್ಕೆ ಕಾಯಿದೆಯೇ ಸಾಕ್ಷಿ. ಅನ್ಯ ಜನಾಂಗದ ಮಕ್ಕಳನ್ನು ನೋಡಿಕೊಳ್ಳುವ ದಾದಿಯರಿಗೆ ಅದು ವಿನಾಯಿತಿ ನೀಡಿತ್ತು. ಕಪ್ಪು ಹೆಂಗಸು ಬಿಳಿಯ ಮಗುವನ್ನು ಎತ್ತಿಕೊಂಡು ಬಿಳಿಯರ ಬೋಗಿಯಲ್ಲಿ ಕೂರಬಹುದು. ತನ್ನ ಮಗುವಿನೊಡನೆ ಕೂರುವಂತಿಲ್ಲ. ನಿಷಿದ್ಧವಾದದ್ದು ಸಾಮೀಪ್ಯವಲ್ಲ, ಸಮಾನ ಸ್ಥಾನ. ಇಂಥ ಕಾನೂನುಗಳಿಗೆ ಅಂಟಿದ ‘ಜಿಮ್ ಕ್ರೋ’ ಎಂಬ ಹೆಸರೂ ಗಮನಾರ್ಹ. ಬಿಳಿಯ ನಟ ಥಾಮಸ್ ರೈಸ್ ಮುಖಕ್ಕೆ ಮಸಿ ಬಳಿದುಕೊಂಡು 1830ರ ದಶಕದಲ್ಲಿ ಜನಪ್ರಿಯಗೊಳಿಸಿದ ಹಾಡು-ಕುಣಿತದ ಪಾತ್ರವದು. ಅಣಕವೇ ಕಾನೂನಿನ ಅಡ್ಡಹೆಸರಾಯಿತು.

ತಳ್ಳಿಹಾಕಲಾದ ಆ ತಿಳಿವಳಿಕೆಯು ಹಾಡುಗಳಲ್ಲಿ ಉಳಿಯಿತು. ಲೂಸಿಯಾನದವನೇ ಆದ ಜನಪದ ಗಾಯಕ ಲೆಡ್ ಬೆಲಿ 1937ರಲ್ಲಿ ರಾಷ್ಟ್ರೀಯ ಗ್ರಂಥಾಲಯದ ಜನಪದ ಗೀತಸಂಗ್ರಹಕ್ಕಾಗಿ ಹಾಡಲು ವಾಷಿಂಗ್ಟನ್ನಿಗೆ ಬಂದಾಗ, ದಂಪತಿಗೆ ತಂಗಲು ಕೋಣೆ ಸಿಗದಾಯಿತು. ‘ಬೂರ್ಜ್ವಾ ಬ್ಲೂಸ್’ ಈ ಅನುಭವದಿಂದ ಹುಟ್ಟಿದ ಹಾಡು. ಹಾಡಿಗೆ ಭಂಡಾರದಲ್ಲಿ ಜಾಗವಿತ್ತು, ಹಾಡುಗಾರನಿಗೆ ಊರಲ್ಲಿರಲಿಲ್ಲ. ದಾದಿಯ ವಿನಾಯಿತಿಗೂ ಇದಕ್ಕೂ ತರ್ಕ ಒಂದೇ. ಸಂಗ್ರಾಹಕರಾದ ನಮಗೂ ಇದು ಎಚ್ಚರಿಕೆ.

1954ರ ಬ್ರೌನ್ ತೀರ್ಪು, ಪ್ರತ್ಯೇಕತೆಯು ಮಕ್ಕಳ ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಪರಿಗಣಿಸಿ, ಪ್ರತ್ಯೇಕ ಶಾಲೆಗಳು ಸ್ವಭಾವತಃ ಅಸಮಾನವೆಂದು ಸರ್ವಾನುಮತದಿಂದ ಸಾರಿತು. ಅನುಭವಿಸಿದವರ ಅರ್ಥಕ್ಕೆ ಕೊನೆಗೂ ಸಾಕ್ಷ್ಯದ ಮಾನ್ಯತೆ ದೊರೆಯಿತು.

1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನದ 14ನೆಯ ಅನುಚ್ಛೇದದಲ್ಲಿಯೂ ಸಮಾನ ಸಂರಕ್ಷಣೆಯ ಮಾತಿದೆ. ಅದಕ್ಕೂ ಮೊದಲೇ, 13ನೆಯ ಅನುಚ್ಛೇದವು ಕಾನೂನಿನ ಬಲವುಳ್ಳ ರೂಢಿ-ಸಂಪ್ರದಾಯಗಳನ್ನೂ ‘ಕಾನೂನು’ ಎಂಬುದರಲ್ಲಿ ಸೇರಿಸಿ, ಮೂಲಭೂತ ಹಕ್ಕುಗಳಿಗೆ ವಿರುದ್ಧವಾದರೆ ಅವು ಅಸಿಂಧುವೆನ್ನುತ್ತದೆ. ಪ್ಲೆಸಿ ತೀರ್ಪಿನಲ್ಲಿ ಸಂಪ್ರದಾಯವು ಹಕ್ಕನ್ನು ಅಳೆಯಿತು. ಇಲ್ಲಿ ಹಕ್ಕು ಸಂಪ್ರದಾಯವನ್ನು ಅಳೆಯುತ್ತದೆ. ರೂಢಿಯನ್ನು ದಾಖಲಿಸುವ ಜಾನಪದ ವಿದ್ವಾಂಸನು ಅದು ಯಾರ ರೂಢಿ, ಯಾರ ಹೆಗಲ ಮೇಲೆ ನಿಂತದ್ದು ಎಂಬುದನ್ನೂ ದಾಖಲಿಸಬೇಕಾದ ಅಗತ್ಯವಿದೆ.