ಕೃಪಾಂಕ ಯಾರ ಮೇಲಿನ ಕೃಪೆ?

ಕರ್ನಾಟಕದ ಎಸ್ಸೆಸ್ಸೆಲ್ಸಿ ಫಲಿತಾಂಶದ ನಾಲ್ಕು ವರ್ಷದ ಅಂಕಿ ಒಂದ್ಸಲ ನೋಡಿ. 2021ರಲ್ಲಿ ಶೇ. 99.9. ಅದು ಕೋವಿಡ್ ವರ್ಷ, ಎರಡೇ ದಿನದಲ್ಲಿ ಮುಗಿದ ಟಿಕ್ ಹಾಕೋ ಪರೀಕ್ಷೆ. ಅದನ್ನ ಲೆಕ್ಕಕ್ಕೆ ಹಿಡಿಯೋದು ಬೇಡ ಬಿಡಿ. 2022ರಲ್ಲಿ 85.63, 2023ರಲ್ಲಿ 83.89, 2024ರಲ್ಲಿ 73.40. ಒಂದೇ ವರ್ಷದಲ್ಲಿ ಹತ್ತು ಪರ್ಸೆಂಟ್ ಕುಸಿತ ಅಂತ ಆ ಮೇ ತಿಂಗಳಲ್ಲಿ ಟೀವಿಗಳು ಬಾಯಿ ಬಡಿದುಕೊಂಡವು. ಆದರೆ ಆ 73.40 ಕೂಡ ಮೇಕಪ್ ಹಾಕಿದ ಸಂಖ್ಯೆ. ಮೇಕಪ್ ತೆಗೆದರೆ ಅದು ಐವತ್ತರ ಚಿಲ್ಲರೆಗೆ ಬಂದು ನಿಲ್ಲುತ್ತಿತ್ತು. ಅಂದರೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದ ಪರೀಕ್ಷೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸ್ವಂತ ಅಂಕದಲ್ಲಿ ಪಾಸಾಗಿರಲಿಲ್ಲ.

ಆಗಿದ್ದಿಷ್ಟು. ಆ ವರ್ಷ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ತಂತು. ಕೋಣೆಯಲ್ಲಿ ಕ್ಯಾಮೆರಾ, ಅದರ ಚಿತ್ರ ಜಿಲ್ಲಾ ಕೇಂದ್ರದಲ್ಲಿ ಕೂತವರ ಮುಂದಿನ ಪರದೆಗೆ. ಚೀಟಿ ಎಸೆಯೋರು, ಉತ್ತರ ಹೇಳಿಕೊಡೋರು ಎಲ್ಲ ಗಪ್‌ಚುಪ್. ಉತ್ತರ ಪತ್ರಿಕೆ ತಿದ್ದಿ ನೋಡಿದರೆ ಫಲಿತಾಂಶ ನೆಲ ಕಚ್ಚಿದೆ. ಆಗ ಮಂಡಳಿ ಮಾಡಿದ್ದು ನಮ್ಮ ಐಟಿ ಮಂದಿಗೆ ಚೆನ್ನಾಗಿ ಗೊತ್ತಿರೋ ಕೆಲಸ. ಪ್ರೊಡಕ್ಷನ್‌ನಲ್ಲಿ ಅಲರ್ಟ್ ಹೊಡ್ಕೊಳ್ತಾ ಇದೆ, ಕಾರಣ ಹುಡುಕೋಕೆ ಟೈಮಿಲ್ಲ, ಬೆಳಿಗ್ಗೆ ಮ್ಯಾನೇಜರ್ ಡ್ಯಾಶ್‌ಬೋರ್ಡ್ ನೋಡ್ತಾರೆ. ಏನ್ಮಾಡೋದು? ಥ್ರೆಶೋಲ್ಡ್ ಬದಲಾಯಿಸಿಬಿಡೋದು. ಶೇ. 10 ಇದ್ದ ಕೃಪಾಂಕವನ್ನು 20ಕ್ಕೆ ಏರಿಸಿದರು. ಕೃಪಾಂಕಕ್ಕೆ ಅರ್ಹರಾಗೋಕೆ ಬೇಕಿದ್ದ ಕನಿಷ್ಠ ಶೇ. 35ನ್ನು 25ಕ್ಕೆ ಇಳಿಸಿದರು. ಡ್ಯಾಶ್‌ಬೋರ್ಡ್ ಹಸಿರಾಗದಿದ್ದರೂ ಕೆಂಪಂತೂ ಉಳಿಯಲಿಲ್ಲ. ಇಷ್ಟೆಲ್ಲ ಆಗಿದೆ ಅಂತ ಜನಕ್ಕೆ ಗೊತ್ತಾಗಿದ್ದು ಫಲಿತಾಂಶದ ದಿನ.

ಮಕ್ಕಳ ಮೇಲೆ ಕರುಣೆ ತೋರಿಸಿದ್ದು ತಪ್ಪು ಅನ್ನೋದು ನನ್ನ ತಕರಾರಲ್ಲ. ಆಟ ಮುಗಿದ ಮೇಲೆ ನಿಯಮ ಬದಲಾಯಿಸಿದ್ದು ತಪ್ಪು, ಬದಲಾಯಿಸಿದ ಕಾರಣವನ್ನ ಮುಚ್ಚಿ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಕೃಪಾಂಕ ಅನ್ನೋ ಪದವನ್ನೇ ನೋಡಿ. ಕೃಪೆಯಿಂದ ಕೊಡೋ ಅಂಕ. ಕೊಡೋರು ದೊಡ್ಡವರು, ತಗೊಳ್ಳೋರು ಕೈ ಚಾಚಿದವರು. ಯಾದಗಿರಿಯ ಹುಡುಗನೊಬ್ಬನಿಗೆ ಸರ್ಕಾರ ಕೊಡಬೇಕಿದ್ದದ್ದು ಗಣಿತದ ಮೇಷ್ಟ್ರನ್ನ. ಅದು ಕೃಪೆ ಅಲ್ಲ, ಬಾಕಿ. ಬಾಕಿ ತೀರಿಸದೆ ಭಿಕ್ಷೆ ಹಾಕಿ, ಅದನ್ನೇ ಉಪಕಾರ ಅಂತ ಅಂಕಪಟ್ಟಿಯಲ್ಲಿ ಬರೆದುಕೊಟ್ಟ ಹಾಗಾಯ್ತು.

ಯಾದಗಿರಿ ಹೆಸರು ಸುಮ್ನೆ ತಗೊಂಡಿದ್ದಲ್ಲ. ಆ ವರ್ಷ ಉಡುಪಿ ಶೇ. 94ರೊಂದಿಗೆ ಮೊದಲು, ಯಾದಗಿರಿ 50.59ರೊಂದಿಗೆ ಕೊನೆ. ಇದು ಕೃಪಾಂಕ ಹಾಕಿದ ಮೇಲಿನ ಲೆಕ್ಕ ಅನ್ನೋದು ನೆನಪಿರಲಿ. ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಕ್ಯಾಮೆರಾ ಬರೋಕೆ ಮುಂಚೆಯೂ ಈ ಕಂದರ ಇತ್ತು. ಮೊದಲು ಅದರ ಮೇಲೆ ಕಾಪಿಯ ಚಾಪೆ ಹಾಸಿದ್ದರು. ಚಾಪೆ ಎಳೆದ ಕೂಡಲೇ ಕೃಪಾಂಕದ ಜಮಖಾನ ಹಾಸಿದರು.

ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಈ ವಿಷಯ ಬಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು. ‘ಕಾಪಿ ನಿಂತ್ತು, ಬಂಡವಾಳ ಬಯಲಾಯ್ತು, ಫೇಲ್ ಆದೋರು ಆಗ್ಲಿ ಬಿಡು.’ ಹೇಳಿದವರೆಲ್ಲ ಬೆಂಗಳೂರು, ಮೈಸೂರು, ಮಂಗಳೂರಿನ ಕಾನ್ವೆಂಟುಗಳಲ್ಲಿ ಓದಿದವರು. ಟ್ಯೂಷನ್ನು ಹತ್ತನೇ ಕ್ಲಾಸಿನ ಭಾಗವೇ ಅಂದ್ಕೊಂಡು ಬೆಳೆದವರು. ಅವರ ಮಾತಲ್ಲಿ ಅರ್ಧ ನಿಜ ಇದೆ. ಕಾಪಿ ನಿಲ್ಲಲೇಬೇಕಿತ್ತು. ಯಾಕೆ ಅಂತ ಕಣ್ಣಾರೆ ನೋಡಿದವನು ನಾನು.

ನಾನು ಎಸ್ಸೆಸ್ಸೆಲ್ಸಿ ಬರೆದದ್ದು ನಮ್ಮ ಹೋಬಳಿಯ ಒಂದು ಕೇಂದ್ರದಲ್ಲಿ. ಗಣಿತದ ದಿನ ನಮ್ಮ ಕೋಣೆಗೆ ಬಂದವರು ಕಟ್ಟುನಿಟ್ಟಿನ ಮೇಷ್ಟ್ರು, ತಲೆ ಎತ್ತಿದರೂ ಗದರೋರು. ಪಕ್ಕದ ಕೋಣೆಯವರು ಉದಾರಿ. ಬಿಟ್ಟ ಸ್ಥಳ ತುಂಬಿ, ಸರಿ ಉತ್ತರ ಆರಿಸಿ, ಎಲ್ಲ ಬೋರ್ಡಿನ ಮೇಲೆ ಬರೆದು, ಹದಿನೈದು ನಿಮಿಷ ಆದ ಮೇಲೆ ಅಳಿಸಿದರಂತೆ. ಹೊರಗೆ ಬಂದಾಗ ಆ ಕೋಣೆಯವರ ಮುಖಾನೇ ಬೇರೆ ಥರ ಇತ್ತು. ನನ್ನ ಹಿಂದಿನ ಬೆಂಚಿನಲ್ಲಿದ್ದ ಹುಡುಗ ಆ ವಿಷಯದಲ್ಲಿ ನಾಲ್ಕು ಅಂಕಕ್ಕೆ ಫೇಲಾದ. ಅವನಿಗಿಂತ ಗಣಿತದಲ್ಲಿ ಹಿಂದಿದ್ದ ಇಬ್ಬರು ಪಕ್ಕದ ಕೋಣೆಯಿಂದ ಪಾಸಾಗಿ ಬಂದರು. ರಿಜಿಸ್ಟರ್ ನಂಬರು ಎರಡು ಹೆಚ್ಚು ಕಮ್ಮಿ ಆಗಿದ್ದರೆ ಅವನೂ ಆ ಕೋಣೆಯಲ್ಲಿರುತ್ತಿದ್ದ. ಫೇಲಾದವನು ಗಾರೆ ಕೆಲಸಕ್ಕೆ ಹೋದ, ಮತ್ತೆ ಪರೀಕ್ಷೆಗೆ ಕಟ್ಟಲೇ ಇಲ್ಲ. ಪಾಸಾದ ಇಬ್ಬರಲ್ಲಿ ಒಬ್ಬ ಐಟಿಐ ಮಾಡಿ ಈಗ ಪೀಣ್ಯದಲ್ಲಿದ್ದಾನೆ. ಕಾಪಿ ಅಂದರೆ ಬಡವರಿಗೆ ಸಿಗೋ ಸಹಾಯ ಅಂತ ಕೆಲವು ಮೃದು ಹೃದಯಿಗಳು ಹೇಳ್ತಾರೆ. ಅವರಿಗೆ ಈ ಕೋಣೆಗಳ ಲಾಟರಿ ಗೊತ್ತಿಲ್ಲ.

ಆ ಬೋರ್ಡಿನ ಮೇಲೆ ಬರೆದ ಮೇಷ್ಟ್ರನ್ನ ದುಷ್ಟ ಅಂತ ನಾನು ಅಂದುಕೊಂಡಿಲ್ಲ. ಫಲಿತಾಂಶ ಕಮ್ಮಿ ಬಂದ ಶಾಲೆಗೆ ಇಲಾಖೆಯಿಂದ ನೋಟಿಸು ಹೋಗುತ್ತೆ, ಮೀಟಿಂಗಿನಲ್ಲಿ ಎಲ್ಲರೆದುರು ಹೆಡ್‌ಮಾಸ್ಟರನ್ನ ನಿಲ್ಲಿಸಿ ಕೇಳ್ತಾರೆ. ಮೇಷ್ಟ್ರಿಲ್ಲದ ಶಾಲೆಗೂ ಅದೇ ನೋಟಿಸು. ಎಷ್ಟೋ ಕಡೆ ವಿಜ್ಞಾನದ ಮೇಷ್ಟ್ರೇ ಗಣಿತವನ್ನೂ ಸಂಭಾಳಿಸ್ತಾರೆ. ಅತಿಥಿ ಶಿಕ್ಷಕರು ಬರೋದು ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ. ಅದರ ಮಧ್ಯೆ ಗಣತಿ, ಚುನಾವಣೆ, ತರಬೇತಿ. ಇಷ್ಟಾದ ಮೇಲೆ ಮಾರ್ಚಿನಲ್ಲಿ ನೂರಕ್ಕೆ ನೂರು ಬೇಕು ಅಂದ್ರೆ ಎಲ್ಲಿಂದ ಬರಬೇಕು? ಕಾಪಿಗೆ ಬೇರು ಇರೋದು ಹುಡುಗನ ಜೇಬಿನ ಚೀಟಿಯಲ್ಲಿ ಅಲ್ಲ, ಆ ನೋಟಿಸಿನಲ್ಲಿ.

ಕ್ಯಾಮೆರಾ ನೋಡೋದು ಮಾತ್ರ ಹುಡುಗನನ್ನ. ಮೂರು ಗಂಟೆ ಅವನು ಯಾವ ಕಡೆ ಕತ್ತು ತಿರುಗಿಸಿದ ಅನ್ನೋದು ಜಿಲ್ಲಾ ಕೇಂದ್ರದಲ್ಲಿ ಗೊತ್ತಾಗುತ್ತೆ. ಜೂನಿನಿಂದ ಫೆಬ್ರವರಿವರೆಗೆ ಅದೇ ಕೋಣೆಯಲ್ಲಿ ಎಷ್ಟು ಗಣಿತದ ಪಿರಿಯಡ್ಡು ಖಾಲಿ ಹೋಯ್ತು ಅನ್ನೋದನ್ನ ತೋರಿಸೋಕೆ ಯಾವ ಪರದೆಯೂ ಇಲ್ಲ. ದೊಡ್ಡ ಕಳ್ಳತನ ಆಗೋದು ಪರೀಕ್ಷಾ ಕೋಣೆಯಲ್ಲೂ ಅಲ್ಲ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪತ್ರಿಕೆ ಮಾರ್ಚ್ 21ರಂದು ಸೋರಿತು, ಮರುಪರೀಕ್ಷೆಯ ಪತ್ರಿಕೆಯೂ ಸೋರಿತು, ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೀತು. ಸೋರಿದ್ದು ಮಕ್ಕಳ ಕೈಯಿಂದಲ್ಲ, ಮೂರು ಸಲ ಓದಿಕೊಂಡು ಸಿದ್ಧರಾಗಬೇಕಾಗಿ ಬಂದದ್ದು ಮಾತ್ರ ಮಕ್ಕಳು.

ಹಾಗಂತ 2024ರ ಕ್ಯಾಮೆರಾವನ್ನ ನಾನು ಬೈಯೋದಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಸರ್ಕಾರದ ಕೈಗೆ ನಂಬಬಹುದಾದ ಡೇಟಾ ಸಿಕ್ಕಿತ್ತು. ಯಾವ ತಾಲ್ಲೂಕಿನಲ್ಲಿ, ಯಾವ ವಿಷಯದಲ್ಲಿ, ಎಷ್ಟು ಮಕ್ಕಳಿಗೆ ಲಿಖಿತ ಪರೀಕ್ಷೆಯ 80ಕ್ಕೆ 28 ದಾಟೋಕೂ ಆಗ್ತಿಲ್ಲ ಅನ್ನೋದು ಕಲಬೆರಕೆ ಇಲ್ಲದೆ ಗೊತ್ತಾಗಿತ್ತು. ನಮ್ಮ ಕೆಲಸದಲ್ಲಿ ಇಂಥ ಡೇಟಾ ಸಿಕ್ಕರೆ ಪಾರ್ಟಿ ಮಾಡ್ತೀವಿ. ಮಂಡಳಿ ಅದನ್ನ ಹಾಗೇ ಜನರ ಮುಂದಿಟ್ಟು, ‘ನೋಡಿ, ಇದು ನಮ್ಮ ಶಾಲೆಗಳ ನಿಜವಾದ ಸ್ಥಿತಿ, ಈ ಮಕ್ಕಳಿಗೆ ಇನ್ನೆರಡು ಅವಕಾಶ ಇದೆ’ ಅನ್ನಬಹುದಿತ್ತು. ಅವಕಾಶ ನಿಜವಾಗಿಯೂ ಇತ್ತು. ಅದೇ ವರ್ಷದಿಂದ ಪೂರಕ ಪರೀಕ್ಷೆ ತೆಗೆದು ಪರೀಕ್ಷೆ-1, 2, 3 ಅಂತ ಮೂರು ಸುತ್ತು ಮಾಡಿದ್ದರು. ಸುಧಾರಣೆಗಳಲ್ಲೇ ಒಳ್ಳೇದು ಅದು. ಮೊದಲ ಸುತ್ತಿನಲ್ಲಿ ಬಿದ್ದವನಿಗೆ ಬೇಸಿಗೆಯಲ್ಲಿ ಮೇಷ್ಟ್ರನ್ನ ಕೊಟ್ಟು ಎರಡನೇ ಸುತ್ತಿಗೆ ಕಳಿಸೋ ದಾರಿ ಎದುರಿಗೇ ಇತ್ತು. ಅದನ್ನ ಬಿಟ್ಟು ಬಹಳಷ್ಟು ಮಕ್ಕಳನ್ನ ಮೊದಲ ಸುತ್ತಿನಲ್ಲೇ ಕೃಪಾಂಕ ಕೊಟ್ಟು ದಾಟಿಸಿದರು. ಹೀಗೆ ದಾಟಿದವನು ಪಿಯುಸಿಗೋ ಡಿಪ್ಲೊಮಾಗೋ ಹೋಗಿ ಮೊದಲ ಸೆಮಿಸ್ಟರಿನಲ್ಲೇ ಮುಗ್ಗರಿಸ್ತಾನೆ. ಆಗ ಕೃಪೆ ತೋರಿಸೋಕೆ ಯಾರೂ ಇರಲ್ಲ. ಇತ್ತ ಕಡೆ, ರಾತ್ರಿ ಕೂತು ಓದಿ ಸ್ವಂತ ಬಲದಲ್ಲಿ 220 ತೆಗೆದವಳ ಅಂಕಕ್ಕೂ ಜನ ‘ಇದ್ರಲ್ಲಿ ಗ್ರೇಸ್ ಎಷ್ಟು?’ ಅಂತ ಕೇಳೋ ಹಾಗಾಯ್ತು.

ಆ ವರ್ಷ 625ಕ್ಕೆ 625 ತೆಗೆದು ರಾಜ್ಯಕ್ಕೇ ಮೊದಲು ಬಂದದ್ದು ಮುಧೋಳದ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ. ಸರ್ಕಾರಿ ಶಾಲೆ ಅದು. ಹಳ್ಳಿ ಮಕ್ಕಳಿಗೆ ತಲೆ ಇಲ್ಲ ಅನ್ನೋರಿಗೂ, ಸರ್ಕಾರಿ ಶಾಲೆ ಅಂದ್ರೆ ಅಷ್ಟೇ ಅನ್ನೋರಿಗೂ ಇದು ನೆನಪಿದ್ದರೆ ಸಾಕು. ಅಲ್ಲೇ ಉಳಿಯೋ ಮೇಷ್ಟ್ರು, ಸಂಜೆ ಓದೋಕೆ ದೀಪ, ಹೊತ್ತಿಗೆ ಊಟ. ಇವು ಇದ್ದ ಕಡೆ ಕ್ಯಾಮೆರಾ ಇದ್ರೂ ಒಂದೇ, ಇಲ್ಲದಿದ್ದರೂ ಒಂದೇ.

ಅನ್ಯಾಯ ಆಯ್ತು ಅಂತ ಅನಿಸಿದ ಹುಡುಗ ಏನು ಮಾಡಬಹುದು ಅನ್ನೋದನ್ನೂ ನೋಡಿ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಬಹುದು, ಮರುಮೌಲ್ಯಮಾಪನಕ್ಕೆ ಹಾಕಬಹುದು. ಪ್ರತಿ ವಿಷಯಕ್ಕೂ ನೂರಾರು ರೂಪಾಯಿ, ಕೆಲವೇ ದಿನಗಳ ಗಡುವು, ಎಲ್ಲ ಆನ್‌ಲೈನ್. ಅಪ್ಪನ ಎರಡು ದಿನದ ಕೂಲಿ, ಮೇಲೆ ಸೈಬರ್ ಸೆಂಟರಿಗೆ ಬಸ್ ಚಾರ್ಜು. 623 ಬಂದವರು 625 ಮಾಡಿಕೊಳ್ಳೋಕೆ ಈ ದಾರಿ ಹಿಡೀತಾರೆ, ಪತ್ರಿಕೆಯಲ್ಲಿ ಫೋಟೋನೂ ಬರುತ್ತೆ. ಪಾಸಾಗೋಕೆ ಎರಡೇ ಅಂಕ ಕಮ್ಮಿ ಇರೋನಿಗೆ ಇಂಥ ದಾರಿ ಇದೆ ಅಂತ ಹೇಳೋರೂ ಇರಲ್ಲ. ಫೇಲಾದ ವಿಷಯದ ಸ್ಕ್ಯಾನ್ ಪ್ರತಿಯನ್ನ ಮಂಡಳಿ ಬಿಟ್ಟಿಯಾಗಿ ಕಳಿಸಬೇಕು ಅಂತ ನನಗೆ ಅನಿಸುತ್ತೆ. ಸ್ಕ್ಯಾನ್ ಮಾಡೋಕೆ ಆಗೋ ಖರ್ಚು ಎಷ್ಟು ಅಂತ ನಮ್ಮಲ್ಲಿ ಯಾರಾದ್ರೂ ಐದು ನಿಮಿಷದಲ್ಲಿ ಲೆಕ್ಕ ಹಾಕಿಕೊಡಬಹುದು.

ಆಮೇಲೆ ಏನಾಯ್ತು ಅಂದ್ರೆ, 20 ಪರ್ಸೆಂಟ್ ಕೃಪಾಂಕವನ್ನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಪ್ರಶ್ನಿಸಿದರು. ಮುಂದಿನ ವರ್ಷದಿಂದ ಅದು ಇರಲ್ಲ ಅಂತ ತೀರ್ಮಾನ ಆಯ್ತು. 2025ರಲ್ಲಿ ಫಲಿತಾಂಶ ಅರವತ್ತರ ಚಿಲ್ಲರೆಗೆ ಇಳೀತು, ಈ ಸಲ ಕೊನೆಗೆ ಬಂದದ್ದು ಕಲಬುರಗಿ. ಹೆಸರು ಬದಲಾದರೂ ಭಾಗ ಬದಲಾಗಲಿಲ್ಲ, 371ಜೆ ಬಂದು ದಶಕ ಕಳೆದ ಅದೇ ಕಲ್ಯಾಣ ಕರ್ನಾಟಕ. ಅದೇ ವರ್ಷದ ಅಕ್ಟೋಬರಿನಲ್ಲಿ ಪಾಸಿಗೆ ಬೇಕಾದ ಅಂಕವನ್ನು ಶೇ. 35ರಿಂದ 33ಕ್ಕೆ ಇಳಿಸುವ ಘೋಷಣೆ ಬಂತು. ಈ ಸಲ ಪರೀಕ್ಷೆಗೆ ಮುಂಚೆಯೇ ಹೇಳಿದರಲ್ಲ, ಅಷ್ಟರ ಮಟ್ಟಿಗೆ ನನ್ನ ತಕರಾರಿಲ್ಲ. ಬೇರೆ ಬೋರ್ಡುಗಳಲ್ಲೂ 33 ಇದೆ ಅನ್ನೋ ವಾದವನ್ನೂ ಒಪ್ಪೋಣ. ಆದರೆ 33 ಅಂದ ಕೂಡಲೇ ಫಲಿತಾಂಶ ಏರುತ್ತೆ, ಏರಿದ ಕೂಡಲೇ ಅದನ್ನ ಸುಧಾರಣೆ ಅಂತ ತೋರಿಸ್ತಾರೆ. ಹಾಗಾಗಿ ಮುಂದಿನ ಫಲಿತಾಂಶ ಬಂದ ದಿನ ಗೆಳೆಯರೇ, ಹಳೇ 35ರ ಪ್ರಕಾರ ಎಷ್ಟಾಗ್ತಿತ್ತು ಅಂತ ಕೇಳಿ. ಜಿಲ್ಲಾವಾರು ಪಟ್ಟಿಯಲ್ಲಿ ಇನ್ನೊಂದು ಕಾಲಂ ಸೇರಿಸೋಕೂ ಹೇಳಿ: ಆ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಖಾಲಿ ಇರೋ ಗಣಿತ, ವಿಜ್ಞಾನ, ಇಂಗ್ಲಿಷ್ ಮೇಷ್ಟ್ರ ಹುದ್ದೆಗಳೆಷ್ಟು ಅಂತ. ಎರಡೂ ಇಲಾಖೆಯ ಕಂಪ್ಯೂಟರಿನಲ್ಲೇ ಇರೋ ಅಂಕಿ. ಒಂದು ಜಾಯಿನ್ ಬರೆದರೆ ಸಾಕು.