ಗಂಟೆ ನಿಲ್ಲುವ ಮೊದಲೇ ಬಂದ ತೀರ್ಪು

2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ನಡೆದ ಎಳೆದಾಟದ ಬಗ್ಗೆ ಬಂದ ಅಂಕಣ, ಸಂಪಾದಕೀಯಗಳಿಗೆ ಈಗ ಒಂದು ಬಗೆಯ ಮರ್ಯಾದೆ ಬಂದುಬಿಟ್ಟಿದೆ. ಆಗ ನಮ್ಮ ಬರಹಗಾರರು ಸುಮ್ಮನೆ ಕೂರಲಿಲ್ಲ ಎಂಬ ಹೊಗಳಿಕೆ ಆಗಾಗ ಕಿವಿಗೆ ಬೀಳುತ್ತದೆ. ಕೂರಲಿಲ್ಲ, ನಿಜ. ಆದರೆ ಹೇಳಿದ್ದೇನು? ನಾಚಿಕೆಗೇಡು ಎಂದರು, ಕಪ್ಪು ದಿನ ಎಂದರು, ಚಿಂತಕರ ಚಾವಡಿಗೆ ಮಸಿ ಬಳಿದರು ಎಂದರು. ಒಂದು ಲೇಖನದ ಕೆಳಗಿನ ಹೆಸರನ್ನು ಇನ್ನೊಂದರ ಕೆಳಗೆ ಹಾಕಿದ್ದರೂ ಓದುಗನಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆ ಬರಹಗಳನ್ನು ಒಟ್ಟಿಗೆ ಇಟ್ಟು ಓದಿದಾಗ ನನಗೆ ಅನಿಸಿದ್ದು ಇಷ್ಟೇ: ಅವು ಸಿಟ್ಟಿನ ಬರಹಗಳಾಗಿದ್ದವು, ಓದಿನ ಬರಹಗಳಾಗಿರಲಿಲ್ಲ.

ಮಂಗಳೂರಿಗೆ ಇದು ಬೆಂಗಳೂರಿನ ಜಗಳವೂ ಆಗಿರಲಿಲ್ಲ. ಸಭಾಪತಿ ಕೆ. ಪ್ರತಾಪಚಂದ್ರ ಶೆಟ್ಟಿ ಮತ್ತು ಸಭಾನಾಯಕ ಕೋಟ ಶ್ರೀನಿವಾಸ ಪೂಜಾರಿ ಇಬ್ಬರೂ ದಕ್ಷಿಣ ಕನ್ನಡ, ಉಡುಪಿ ಸೇರಿದ ಒಂದೇ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ, 2015ರ ಒಂದೇ ಚುನಾವಣೆಯಲ್ಲಿ ಗೆದ್ದು ಹೋದವರು. ನಮ್ಮ ಪಾಲಿಕೆಯ ಸದಸ್ಯರು, ನಮ್ಮ ಪಂಚಾಯತ್ ಸದಸ್ಯರು ಹಾಕಿದ ಮತದಿಂದಲೇ ಒಬ್ಬರು ಪೀಠದ ಮೇಲೆ, ಇನ್ನೊಬ್ಬರು ಎದುರಿಗೆ. ಹಾಗಾಗಿ ಇಲ್ಲಿನ ಬರಹಕ್ಕೆ ಬೇರೆ ಊರಿನವರಿಗಿಲ್ಲದ ಒಂದು ಅನುಕೂಲವಿತ್ತು. ಅದು ಹಾಳಾದದ್ದು ಹೇಗೆಂದರೆ, ಅರ್ಧ ಜನ "ನಮ್ಮ ಕರಾವಳಿಯ ಸಜ್ಜನ ಶೆಟ್ಟರು" ಎಂದು ಹೊರಟರು, ಉಳಿದರ್ಧ "ನಮ್ಮ ಸರಳ ಪೂಜಾರಿಯವರು" ಎಂದು.

ಆ ಕೆಲವೇ ನಿಮಿಷಗಳನ್ನು ನಿಧಾನಕ್ಕೆ ನೋಡೋಣ. ಸಭಾಪತಿಯನ್ನು ಇಳಿಸಲು ಆಡಳಿತ ಪಕ್ಷ ಬಿಜೆಪಿ ಕೊಟ್ಟಿದ್ದ ಸೂಚನೆಯನ್ನು ಸಭಾಪತಿಯೇ ತಿರಸ್ಕರಿಸಿದ್ದರು. ಡಿಸೆಂಬರ್ 10ರಂದು ಅವರು ಅನಿರ್ದಿಷ್ಟಾವಧಿಗೆ ಮುಂದೂಡಿದ್ದ ಸದನವನ್ನು ಸರ್ಕಾರ 15ಕ್ಕೆ ಮತ್ತೆ ಸೇರಿಸಿತು. ಬೆಳಿಗ್ಗೆ ಕೋರಂ ಗಂಟೆ ಬಾರಿಸುತ್ತಿರುವಾಗಲೇ ಬಿಜೆಪಿ ಕಡೆಯವರು ಜೆಡಿಎಸ್‌ನ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಪೀಠದಲ್ಲಿ ಕೂರಿಸಿದರು. ಕಾಂಗ್ರೆಸ್ ಸದಸ್ಯರು ಅವರನ್ನು ಎಳೆದು ಕೆಳಗಿಳಿಸಿದರು. ಸಭಾಪತಿ ಒಳಗೆ ಬರಬಾರದೆಂದು ಬಾಗಿಲು ಹಾಕಲಾಯಿತು. ಕೊನೆಗೆ ಮಾರ್ಷಲ್‌ಗಳ ಕಾವಲಿನಲ್ಲಿ ಬಂದ ಸಭಾಪತಿ ಸದನವನ್ನು ಮತ್ತೆ ಅನಿರ್ದಿಷ್ಟಾವಧಿಗೆ ಮುಂದೂಡಿ ಹೊರಟರು. ಪದಚ್ಯುತಿಯ ನಿರ್ಣಯ ಮತಕ್ಕೆ ಬರಲೇ ಇಲ್ಲ.

ಬರಹಗಾರರ ಕಣ್ಣು ನಿಂತದ್ದು ಎಳೆದಾಟದ ಮೇಲೆ. ನನ್ನ ಕಣ್ಣು ಅದಕ್ಕೂ ಮೊದಲಿನ ಗಂಟೆಯ ಮೇಲೆ ನಿಲ್ಲುತ್ತದೆ. ಸಂವಿಧಾನದ 185ನೇ ವಿಧಿ ಹೇಳುವುದು ಸ್ಪಷ್ಟ: ಸಭಾಪತಿಯನ್ನು ತೆಗೆಯುವ ನಿರ್ಣಯ ಪರಿಶೀಲನೆಯಲ್ಲಿರುವಾಗ ಅವರು ಸದನದಲ್ಲಿ ಇರಬಹುದು, ಮಾತಾಡಬಹುದು, ಮತ ಹಾಕಬಹುದು, ಆದರೆ ಅಧ್ಯಕ್ಷತೆ ವಹಿಸುವಂತಿಲ್ಲ. ಸರ್ಕಾರಿ ಪಕ್ಷ ಹಿಡಿದದ್ದು ಇದನ್ನೇ. ಆದರೆ ಗಂಟೆ ಬಾರಿಸುತ್ತಿದೆ ಎಂದರೆ ಕಲಾಪ ಇನ್ನೂ ಆರಂಭವಾಗಿಲ್ಲ. ಆರಂಭವಾಗದ ಕಲಾಪದಲ್ಲಿ ಪರಿಶೀಲನೆ ಎಲ್ಲಿಂದ ಬಂತು? ಪೀಠ ಯಾರದೆಂದು ತೀರ್ಮಾನವಾಗುವ ಮೊದಲೇ ಪೀಠ ಹಿಡಿದದ್ದು ಕಾನೂನಿನ ವಾದವಲ್ಲ, ಬಸ್ಸಿನ ಸೀಟಿಗೆ ಟವೆಲ್ ಹಾಸುವ ಕೆಲಸ.

ಇನ್ನೊಂದು ಬದಿಯೂ ಉಂಟು. ನಮ್ಮ ಊರಿನ ಬರಹಗಾರರು ಮೆಲ್ಲನೆ ದಾಟಿದ್ದು ಇಲ್ಲಿಯೇ. ತನ್ನನ್ನೇ ಇಳಿಸಬೇಕೆಂಬ ಸೂಚನೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅಧಿಕಾರ ಅದೇ ಸಭಾಪತಿಗೆ ಇರಬೇಕೇ? ಅರುಣಾಚಲದ ನಬಮ್ ರೆಬಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲೇ ಇದರ ಹತ್ತಿರದ ಮಾತು ಹೇಳಿತ್ತು: ತನ್ನ ಪದಚ್ಯುತಿಯ ಸೂಚನೆ ಬಾಕಿಯಿರುವಾಗ ಸ್ಪೀಕರ್ ಶಾಸಕರ ಅನರ್ಹತೆಯನ್ನು ತೀರ್ಮಾನಿಸಬಾರದು. ಅದು ಅನರ್ಹತೆಯ ಪ್ರಶ್ನೆ, ಇದು ಸೂಚನೆಯ ಪ್ರಶ್ನೆ, ಎರಡೂ ಒಂದೇ ಅಲ್ಲ, ಒಪ್ಪೋಣ. ಆದರೆ ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಹುದೇ ಎಂಬ ಪ್ರಶ್ನೆ ಎರಡರಲ್ಲೂ ಉಂಟು. ಕುಂದಾಪುರದಿಂದ ನಾಲ್ಕು ಸಲ ಶಾಸಕರಾಗಿದ್ದ, ಅನುಭವಿ ಶೆಟ್ಟರಿಗೆ ಈ ಪ್ರಶ್ನೆಯನ್ನು ಗೌರವದಿಂದಲೇ ಕೇಳಬಹುದಿತ್ತು. ನಾನು ಓದಿದ ಯಾವ ಬರಹವೂ ಕೇಳಲಿಲ್ಲ.

ಆ ದಿನದ ವರದಿಗಾರರನ್ನು ಈ ದೂರಿನಿಂದ ಹೊರಗಿಡುತ್ತೇನೆ. ಗಂಟೆ, ಬಾಗಿಲು, ಮಾರ್ಷಲ್ ಎಲ್ಲವನ್ನೂ ಕ್ರಮವಾಗಿ ಬರೆದವರು ಅವರು. ಮರುದಿನ ಅಭಿಪ್ರಾಯ ಬರೆದವರು ಆ ಕ್ರಮವನ್ನೇ ಕಲಸಿಬಿಟ್ಟರು.

ಇದನ್ನು ಹೇಳಿದಾಗ ಇಲ್ಲಿನ ವಿಮರ್ಶಕ ಮಿತ್ರರೊಬ್ಬರು ಕೊಡುವ ಉತ್ತರ ನನಗೆ ಬಾಯಿಪಾಠವಾಗಿದೆ. ಅಂಕಣಕಾರ ವಕೀಲನಲ್ಲ ಮಾರಾಯ್ರೆ, ವಿಧಿ ಉಪವಿಧಿ ಓದುಗನಿಗೆ ಬೇಡ, ಅವನಿಗೆ ಬೇಕಾದದ್ದು ನೈತಿಕ ಧ್ವನಿ, ಎಂದು. ಈ ಮಾತನ್ನು ಬೇರೆ ಎಲ್ಲಿ ಹೇಳಿದರೂ ಸಹಿಸಬಹುದು, ಅರ್ಥಧಾರಿಗಳು ಪುರಾಣದ ಪಾತ್ರಗಳಾಗಿ ಕೂತು ವಾದಿಸುವ ತಾಳಮದ್ದಲೆಯ ನಾಡಿನಲ್ಲಿ ಹೇಳಿದರೆ ನಗು ಬರುತ್ತದೆ. ಇಂಥ ಪ್ರಸಂಗ ಬಂದಾಗಲೆಲ್ಲ ನಮ್ಮವರ ಲೇಖನಿಗೆ ಕೌರವ ಸಭೆ ಸಿದ್ಧವಾಗಿರುತ್ತದೆ: ಎಳೆದವನು ದುಶ್ಶಾಸನ, ಸುಮ್ಮನಿದ್ದವರು ಭೀಷ್ಮ ದ್ರೋಣರು. ಆದರೆ ಆ ಸಭೆಯಲ್ಲಿ ದ್ರೌಪದಿ ಕೇಳಿದ್ದೇನು? ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಅಧಿಕಾರ ಎಲ್ಲಿತ್ತು ಎಂದು. ಅದು ಕಣ್ಣೀರಿನ ಮಾತಲ್ಲ, ಕ್ರಮದ ಪ್ರಶ್ನೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ. ಅರ್ಥಧಾರಿಗಳು ಅದೊಂದರ ಮೇಲೆ ಗಂಟೆಗಟ್ಟಲೆ ವಾದಿಸುತ್ತಾರೆ, ಶಾಲೆ ಬಿಟ್ಟವರೂ ನಿದ್ದೆಗೆಟ್ಟು ಕೇಳುತ್ತಾರೆ. ಹಾಗೆ ಕೇಳುವ ಓದುಗನಿಗೆ 185ನೇ ವಿಧಿ ಭಾರವಾಗುತ್ತದೆಂದು ನಿರ್ಧರಿಸಿದವರು ಓದುಗನನ್ನು ಕೀಳಾಗಿ ಕಂಡವರು. ನೈತಿಕ ಧ್ವನಿ ಎಂಬುದು ಎಷ್ಟೋ ಸಲ ಓದದೆ ಬಂದವನ ಎತ್ತರದ ಸ್ವರ. ತಾಳಮದ್ದಲೆಯಲ್ಲಾದರೆ ಎದುರಿನ ಅರ್ಥಧಾರಿ ಅದನ್ನು ಎರಡೇ ಮಾತಿನಲ್ಲಿ ಇಳಿಸುತ್ತಾನೆ. ಅಂಕಣಕ್ಕೆ ಎದುರು ಅರ್ಥಧಾರಿಯೇ ಇಲ್ಲ.

ಈ ಗಲಾಟೆ ನೋಡಿ ಪರಿಷತ್ತನ್ನೇ ಮುಚ್ಚಿ ಎಂದವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆಂಧ್ರ ವಿಧಾನಸಭೆ ಅದೇ 2020ರ ಜನವರಿಯಲ್ಲಿ ಮೇಲ್ಮನೆ ರದ್ದುಮಾಡುವ ನಿರ್ಣಯ ಮಾಡಿ, ಮರುವರ್ಷ ಅದನ್ನು ಹಿಂದಕ್ಕೆ ಪಡೆಯಿತು.

2020ರ ಡಿಸೆಂಬರ್ 28ರ ರಾತ್ರಿ ಧರ್ಮೇಗೌಡರು ಕಡೂರಿನ ಬಳಿ ರೈಲು ಹಳಿಯ ಮೇಲೆ ತೀರಿಕೊಂಡರು. ಒಂದು ಸಾವಿನ ಕಾರಣವನ್ನು ಅಂಕಣದಲ್ಲಿ ಕೂತು ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲ. ಅದನ್ನು ರಾತ್ರೋರಾತ್ರಿ ತಮ್ಮ ಹಿಂದಿನ ವಾರದ ವಾದಕ್ಕೆ ಸಾಕ್ಷಿ ಮಾಡಿಕೊಂಡ ಬರಹಗಳೇ ಈ ಇಡೀ ರಾಶಿಯಲ್ಲಿ ಅತ್ಯಂತ ಕೆಟ್ಟವು.

ಇನ್ನು ಹೋಲಿಕೆಗೆ ಬೇಕಿದ್ದ ನಿಜವಾದ ಪ್ರಸಂಗ ಅದೇ ಸದನದಲ್ಲಿ ಬಿದ್ದಿತ್ತು. 2017ರ ಜೂನ್‌ನಲ್ಲಿ ಸಭಾಪತಿ ಡಿ.ಎಚ್. ಶಂಕರಮೂರ್ತಿಯವರನ್ನು ಇಳಿಸಲು ಕಾಂಗ್ರೆಸ್ ತಂದ ನಿರ್ಣಯ ಮತಕ್ಕೆ ಬಂದು 36–37ರಲ್ಲಿ ಬಿದ್ದುಹೋಯಿತು. ಅಂದು ಬಿಜೆಪಿಯ ಜೊತೆ ನಿಂತು ಪೀಠ ಉಳಿಸಿದ ಜೆಡಿಎಸ್, 2020ರಲ್ಲಿ ಬಿಜೆಪಿಯ ಜೊತೆ ನಿಂತು ಪೀಠ ಬಿಡಿಸಹೊರಟಿತು. 2017ರ ಆ ಫಲಿತಾಂಶವನ್ನು ಪತ್ರಿಕೆಗಳು ಒಂದು ಮತದ ಗೆಲುವು ಎಂದವು. ಅದೂ ಪೂರ್ತಿ ಸರಿಯಲ್ಲ: 183ನೇ ವಿಧಿ ಕೇಳುವುದು ಹಾಜರಿದ್ದವರ ಬಹುಮತವನ್ನಲ್ಲ, ಆಗಿರುವ ಎಲ್ಲ ಸದಸ್ಯರ ಬಹುಮತವನ್ನು. 75 ಸ್ಥಾನಗಳೂ ತುಂಬಿದ ಸದನದಲ್ಲಿ ಅದು 38. ಯಾರ ಅಂಗಿಯೂ ಹರಿಯದೆ, ನಿಯಮದಂತೆ ನಡೆದು ನಿಯಮದಂತೆ ಸೋತ ಆ ಪ್ರಯತ್ನದ ಬಗ್ಗೆ ನೆನಪಿಡುವಂಥ ಒಂದು ಲೇಖನ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಶೆಟ್ಟರು 2021ರ ಫೆಬ್ರವರಿ 4ರಂದು ರಾಜೀನಾಮೆ ಕೊಟ್ಟರು. 8ರಂದು ಹೊಸ ಉಪಸಭಾಪತಿ ಎಂ.ಕೆ. ಪ್ರಾಣೇಶ್ ಪೀಠದಲ್ಲಿರುವಾಗ ಗೋಹತ್ಯೆ ನಿಷೇಧ ಮಸೂದೆ ಧ್ವನಿಮತದಿಂದ ಪಾಸಾಯಿತು. 9ರಂದು ಬಸವರಾಜ ಹೊರಟ್ಟಿ ಸಭಾಪತಿಯಾದರು. ಪೀಠಕ್ಕಾಗಿ ಅಷ್ಟು ಅವಸರ ಏಕಿತ್ತೆಂಬುದಕ್ಕೆ ಈ ಮೂರು ತಾರೀಕುಗಳನ್ನು ಅಕ್ಕಪಕ್ಕ ಇಟ್ಟರೆ ಸಾಕಿತ್ತು. ಆದರೆ ಅಷ್ಟರಲ್ಲಿ ನಾಚಿಕೆಪಟ್ಟವರೆಲ್ಲ ಬೇರೆ ವಿಷಯಕ್ಕೆ ಹೋಗಿದ್ದರು. ಆ ವರ್ಷದ ಡಿಸೆಂಬರ್‌ನಲ್ಲಿ ಅದೇ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಚುನಾವಣೆ ಬಂತು. ಪೂಜಾರಿಯವರು ಮತ್ತೆ ಗೆದ್ದರು, ಶೆಟ್ಟರ ಜಾಗಕ್ಕೆ ಕಾಂಗ್ರೆಸ್ಸಿನ ಮಂಜುನಾಥ ಭಂಡಾರಿ ಬಂದರು. ಮಂಗಳೂರಿನಲ್ಲಿ ನಾನು ಓದಿದ ಚುನಾವಣಾ ವಿಶ್ಲೇಷಣೆಗಳಲ್ಲಿ ಜಾತಿಯ ಲೆಕ್ಕವಿತ್ತು, ಪಂಚಾಯತ್ ಸದಸ್ಯರ ಲೆಕ್ಕವಿತ್ತು. ಪೀಠದ ಪ್ರಶ್ನೆಯನ್ನು ಯಾವ ಅಭ್ಯರ್ಥಿಗೂ ಯಾರೂ ಕೇಳಿರಲಿಲ್ಲ.